ವಿದ್ಯುತ್ ಗಿಟಾರಿನ ಕುದುರೆಯ ಸ್ಥಾನನಿರ್ಣಯ

೧. ಹೆಸರೂ ಸಮಸ್ಯೆಯೂ

ತಂತೀವಾದ್ಯಗಳ ಮೈಮೇಲೆ ನಿಂತು ತಂತಿಗಳನ್ನು ಎತ್ತಿ ಹಿಡಿಯುವ ಅಂಗವನ್ನು ಕನ್ನಡಿಗರು ಕುದುರೆಯೆಂದು ಕರೆಯುತ್ತ ಬಂದಿದ್ದಾರೆ. ತಮಿಳರಿಗೂ ಅದು ಕುದಿರೈ. ಹಿಂದೂಸ್ಥಾನೀ ವಾದಕರಿಗೆ ಘೋಡಿ. ಫ್ರೆಂಚರು ಅದನ್ನು ಶೆವಾಲೆ ಎನ್ನುತ್ತಾರೆ, ಆ ಶಬ್ದವೂ ಕುದುರೆಯೆಂಬ ಅರ್ಥದ ಶೆವಾಲ್ ಎಂಬುದರಿಂದ ಹುಟ್ಟಿದುದೇ. ಇಂಗ್ಲಿಷರು ಅದನ್ನು ಸೇತುವೆಗೆ ಹೋಲಿಸಿ ಬ್ರಿಜ್ ಎಂದರು. ಇಟಲಿಯವರು ಕಿರುಸೇತುವೆಯೆಂಬ ಅರ್ಥದಲ್ಲಿ ಪಾಂಟಿಚೆಲ್ಲೊ ಎಂದರು. ಸೇತುವೆಯೆಂಬ ಹೋಲಿಕೆಯಲ್ಲಿ ಆಕಾರವು ಮುಂದಾಗಿದೆ. ಕುದುರೆಯೆಂಬ ಹೋಲಿಕೆಯಲ್ಲಿ ಭಾರವನ್ನು ಹೊರುವ ಗುಣವು ಮುಂದಾಗಿದೆ. ವಿದ್ಯುತ್ ಗಿಟಾರಿನ ವಿಷಯದಲ್ಲಿ ಕನ್ನಡದ ಹೆಸರು ಇನ್ನೂ ಒಂದು ರೀತಿಯಲ್ಲಿ ಒಪ್ಪುತ್ತದೆ. ಆ ವಾದ್ಯದ ಬ್ರಿಜ್ಜಿನ ಮೇಲೆ ಒಂದೊಂದು ತಂತಿಗೂ ಆಸರೆಯಾಗಿರುವ ಲೋಹದ ತುಣುಕಿಗೆ ಇಂಗ್ಲಿಷಿನಲ್ಲಿ ಸ್ಯಾಡ್ಲ್, ಎಂದರೆ ಜೀನು, ಎಂದು ಹೆಸರು. ಸೇತುವೆಯ ಮೇಲೆ ಜೀನಿಗೆ ಸ್ಥಳವಿಲ್ಲ. ಕುದುರೆಯ ಮೇಲೆ ಉಂಟು.

ಗಿಟಾರಿನ ಆರು ತಂತಿಗಳೂ ಎರಡು ಆಸರೆಗಳ ನಡುವೆ ಬಿಗಿದಿರುತ್ತವೆ. ಕತ್ತಿನ ತುದಿಯಲ್ಲಿರುವ ಆಸರೆಯು ನಟ್. ಸಂಗೀತಶಾಸ್ತ್ರದ ಗ್ರಂಥಗಳಲ್ಲಿ ಇದಕ್ಕೆ ಮೇರುವೆಂದು ಹೆಸರು. ಒಡಲಿನ ಮೇಲಿರುವ ಆಸರೆಯು ಕುದುರೆ. ಇವೆರಡರ ನಡುವೆ ಕತ್ತಿಗೆ ಅಡ್ಡಲಾಗಿ ಫ್ರೆಟ್ಟುಗಳು, ಎಂದರೆ ಮೆಟ್ಟಿಲುಗಳು, ಕೂಡಿಸಲ್ಪಟ್ಟಿರುತ್ತವೆ. ವಾದ್ಯವನ್ನು ಕಟ್ಟುವವನಿಗೆ ಒದಗುವ ಪ್ರಶ್ನೆಯು ಇಷ್ಟೇ: ಕುದುರೆಯು ಎಲ್ಲಿ ನಿಲ್ಲತಕ್ಕದ್ದು? ಅಳತೆಯು ಗೊತ್ತಿದ್ದರೆ ಉತ್ತರವೂ ಗೊತ್ತಾದಂತೆಯೇ ಎಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಗಣಿತವು ತೋರಿಸಿದ ಬಿಂದುವಿನಲ್ಲಿಯೇ ಕುದುರೆಯನ್ನು ನಿಲ್ಲಿಸಿದ ಗಿಟಾರು ಶ್ರುತಿಶುದ್ಧವಾಗಿ ನುಡಿಯುವುದಿಲ್ಲ. ಅದರ ಬಿಡಿತಂತಿಗಳು ಶುದ್ಧವಾಗಿದ್ದರೂ ಬೆರಳನ್ನು ಒತ್ತಿದೊಡನೆ ಸ್ವರವು ತುಸು ಮೇಲಕ್ಕೇರುತ್ತದೆ. ಕತ್ತಿನಲ್ಲಿ ಮುಂದೆ ಮುಂದೆ ಹೋದಂತೆ ಆ ದೋಷವು ಕಿವಿಗೆ ಸ್ಪಷ್ಟವಾಗುತ್ತದೆ.

ವೀಣೆಯ ರಚನೆಯೊಡನೆ ಹೋಲಿಸಿ ನೋಡಿದರೆ ಈ ಸಮಸ್ಯೆಯ ಸ್ವರೂಪವು ಚೆನ್ನಾಗಿ ತಿಳಿಯುತ್ತದೆ. ವೀಣೆಯಲ್ಲಿ ಕುದುರೆಯು ಮೊದಲು ನೆಲೆಗೊಳ್ಳುತ್ತದೆ. ಮೆಟ್ಟಿಲುಗಳು ಆಮೇಲೆ ಮೇಣದ ಮೇಲೆ ಕೂಡುತ್ತವೆ. ಮೇಣವು ಮೆತ್ತಗಿರುವಾಗ ಕುಶಲನಾದವನು ತಂತಿಯನ್ನು ಒತ್ತಿ ಮೀಟಿ, ಸ್ವರವನ್ನು ಕೇಳಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಿಲ್ಲಿಸುತ್ತಾನೆ. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ೧೫೫೦ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದ ರಾಮಾಮಾತ್ಯನು ಮೆಟ್ಟಿಲುಗಳ ಸ್ಥಾನವನ್ನು ಹೇಳುವಾಗ ತಂತಿಯಲ್ಲಿ ತಾನಾಗಿಯೇ ಹುಟ್ಟುವ ಸ್ವಯಂಭೂ ಸ್ವರಗಳನ್ನು ಪ್ರಮಾಣವಾಗಿ ಹಿಡಿದಿದ್ದಾನೆ. ಗಿಟಾರಿನಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಮೆಟ್ಟಿಲುಗಳಿಗಾಗಿ ಕತ್ತಿನ ಮರದಲ್ಲಿ ಗರಗಸದಿಂದ ಸೀಳುಗಳನ್ನು ಕೊಯ್ದು, ಲೋಹದ ಪಟ್ಟಿಗಳನ್ನು ಅವುಗಳಲ್ಲಿ ಬಡಿದು ಕೂಡಿಸಿಬಿಡುತ್ತಾರೆ. ಅವು ಮತ್ತೆ ಸರಿಯಲಾರವು. ಆದುದರಿಂದ ತಪ್ಪನ್ನು ತಿದ್ದುವ ಅವಕಾಶವೆಲ್ಲವೂ ಮುಖ್ಯವಾಗಿ ಕುದುರೆಯೊಂದರಲ್ಲಿಯೇ ಉಳಿಯುತ್ತದೆ. ಆ ಕುದುರೆಗಾಗಿ ಕೊರೆದ ರಂಧ್ರವು ತಪ್ಪಾದರೆ ಕತ್ತು, ಒಡಲು, ಮೆರುಗು ಇವುಗಳಿಗಾಗಿ ಪಟ್ಟ ಶ್ರಮವೆಲ್ಲವೂ ಅಪಸ್ವರದಲ್ಲಿ ಕೊನೆಗಾಣುತ್ತದೆ.

೨. ಗಣಿತವು ಹೇಳುವ ಸ್ಥಾನ

ಮೆಟ್ಟಿಲುಗಳ ಅಂತರವನ್ನು ಲೆಕ್ಕದಿಂದ ನಿರ್ಣಯಿಸುವ ಪದ್ಧತಿಯು ಯೂರೋಪಿನಲ್ಲಿ ಹಳೆಯದು. ಖಗೋಳಜ್ಞ ಗೆಲಿಲಿಯೊವಿನ ತಂದೆಯಾದ ವಿಂಚೆನ್ಸೊ ಗೆಲಿಲಿಯು ೧೫೮೧ರಲ್ಲಿ ಪ್ರಕಟಿಸಿದ ತನ್ನ ಸಂಗೀತಗ್ರಂಥದಲ್ಲಿ ೧೮ಕ್ಕೆ ೧೭ರ ಪ್ರಮಾಣವನ್ನು ಹೇಳಿದ್ದಾನೆ. ತಂತಿಯ ಉದ್ದದಲ್ಲಿ ಹದಿನೆಂಟನೆಯ ಒಂದು ಪಾಲನ್ನು ಕಳೆದರೆ ಮೊದಲನೆಯ ಮೆಟ್ಟಿಲು ದೊರೆಯುತ್ತದೆ, ಉಳಿದ ಉದ್ದದಲ್ಲಿ ಮತ್ತೆ ಹದಿನೆಂಟನೆಯ ಪಾಲನ್ನು ಕಳೆದರೆ ಎರಡನೆಯದು, ಹೀಗೆಯೇ ಮುಂದೆ. ಹನ್ನೆರಡು ಸಲ ಹೀಗೆ ಮಾಡಿದಾಗ ಉಳಿಯುವ ಉದ್ದವು ಸರಿಯಾಗಿ ಅರ್ಧವಾಗಬೇಕು, ಏಕೆಂದರೆ ಅರ್ಧತಂತಿಯು ಮೇಲಿನ ಷಡ್ಜವನ್ನು ನುಡಿಯುತ್ತದೆ. ಆದರೆ ಈ ಪ್ರಮಾಣದಿಂದ ಉಳಿಯುವುದು ಅರ್ಧವಲ್ಲ, ೦.೫೦೩೬ ಭಾಗ. ನಿಜವಾದ ಸಮಭಾಗಕ್ಕೆ ೨ರ ಹನ್ನೆರಡನೆಯ ಮೂಲವು, ಎಂದರೆ ಸುಮಾರು ೧.೦೫೯೪೬, ಬೇಕಾಗುತ್ತದೆ; ಚೀನದ ರಾಜಕುಮಾರನೂ ವಿದ್ವಾಂಸನೂ ಆದ ಝೂ ಝೈಯು ೧೫೮೪ರಲ್ಲಿ ಇದನ್ನು ಗಣಿಸಿದನು. ಇದರಂತೆ ಭಾಜಕವು ೧೮ ಅಲ್ಲ, ೧೭.೮೧೭. ಈಗಿನ ಗಿಟಾರುಗಳ ಮೆಟ್ಟಿಲುಗಳೆಲ್ಲವೂ ಸಾಮಾನ್ಯವಾಗಿ ಈ ಲೆಕ್ಕವನ್ನೇ ಅನುಸರಿಸುತ್ತವೆ.

ಉದಾಹರಣೆಗೆ ಫೆಂಡರ್ ಕಂಪೆನಿಯ ಗಿಟಾರುಗಳಿಂದ ರೂಢಿಗೆ ಬಂದ ೨೫½ ಅಂಗುಲದ ಉದ್ದವನ್ನು ತೆಗೆದುಕೊಳ್ಳಬಹುದು. ಇದು ಹೆಚ್ಚು ಕಡಮೆ ೬೪೮ ಮಿಲಿಮೀಟರು. ಮೇರುವಿನಿಂದ ಮೊದಲನೆಯ ಮೆಟ್ಟಿಲಿಗೆ ೩೬.೪, ಐದನೆಯದಕ್ಕೆ ೧೬೨.೫, ಏಳನೆಯದಕ್ಕೆ ೨೧೫.೫, ಹನ್ನೆರಡನೆಯದಕ್ಕೆ ೩೨೪ ಮಿಲಿಮೀಟರು ದೂರ ಬರುತ್ತದೆ. ಹನ್ನೆರಡನೆಯ ಮೆಟ್ಟಿಲಿನಿಂದ ಮುಂದೆ ಮತ್ತೆ ೩೨೪ ಮಿಲಿಮೀಟರನ್ನು ಅಳೆದು ಒಡಲಿನ ಮೇಲೆ ಅಡ್ಡಗೆರೆಯೊಂದನ್ನು ಎಳೆದರೆ ಅದೇ ಗಣಿತವು ಹೇಳುವ ಕುದುರೆಯ ಸ್ಥಾನ. ಅದನ್ನು ಮುಂದೆ ಗಣಿತರೇಖೆಯೆಂದು ಕರೆಯಬಹುದು. ಮೇರುವಿನ ಕಡೆಗೆ ಸರಿಯುವುದು ಮುಂದಕ್ಕೆ, ಅದರಿಂದ ದೂರವಾಗುವುದು ಹಿಂದಕ್ಕೆ ಎಂದು ತಿಳಿಯತಕ್ಕದ್ದು.

೩. ತಂತಿಯ ಸ್ವಭಾವ

ತಂತಿಯ ಸ್ವರವು ಅದರ ಉದ್ದ, ಬಿಗಿ, ತೂಕ ಈ ಮೂರನ್ನು ಅವಲಂಬಿಸಿದೆಯೆಂಬುದನ್ನು ಫ್ರಾನ್ಸಿನ ಮೆರ್ಸೆನ್ ೧೬೩೬ರಲ್ಲಿಯೇ ನಿಯಮವಾಗಿ ಹೇಳಿದನು. ಮೇಲಿನ ಗಣಿತವು ಉದ್ದವೊಂದನ್ನೇ ಲೆಕ್ಕಕ್ಕೆ ತಂದುಕೊಂಡು, ಉಳಿದೆರಡೂ ಬದಲಾಗುವುದಿಲ್ಲವೆಂದು ಭಾವಿಸುತ್ತದೆ. ಈ ಭಾವನೆಯು ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಬೆರಳಿನ ಒತ್ತಡ. ತಂತಿಯು ಮೆಟ್ಟಿಲುಗಳಿಂದ ಸ್ವಲ್ಪ ಮೇಲೆ ನಿಂತಿರುತ್ತದೆ. ಅದನ್ನು ಮೆಟ್ಟಿಲಿಗೆ ತಾಗುವಂತೆ ಒತ್ತಿದಾಗ ತಂತಿಯು ಬಾಗಿ ತುಸು ನೀಳವಾಗುತ್ತದೆ. ನೀಳವಾದಷ್ಟೂ ಬಿಗಿಯು ಹೆಚ್ಚುತ್ತದೆ. ಬಿಗಿಯು ಹೆಚ್ಚಿದರೆ ಸ್ವರವು ಏರುತ್ತದೆ. ಎರಡನೆಯದು ತಂತಿಯ ಪೆಡಸುತನ. ಗಣಿತದ ತಂತಿಗೆ ದಪ್ಪವಿಲ್ಲ. ಅದು ಆಸರೆಯ ಬಿಂದುವಿನಿಂದಲೇ ನಿರಾತಂಕವಾಗಿ ಕಂಪಿಸುತ್ತದೆ. ಉಕ್ಕಿನ ತಂತಿಯಾದರೋ ಒಂದು ಸಣ್ಣ ಸರಳಿನಂತೆ ಬಾಗುವುದನ್ನು ವಿರೋಧಿಸುತ್ತದೆ. ಆಸರೆಗಳ ಬಳಿಯಲ್ಲಿ ಅದು ಪೂರ್ಣವಾಗಿ ಕಂಪಿಸದ ಕಾರಣ, ಕಂಪಿಸುವ ಉದ್ದವು ಅಳತೆಗೋಲು ತೋರಿಸುವ ಉದ್ದಕ್ಕಿಂತ ಕಡಮೆಯಾದಂತೆ ವರ್ತಿಸುತ್ತದೆ. ಬಿಡಿತಂತಿಯಲ್ಲಿ ಈ ನಷ್ಟವು ಅಲ್ಪವೆನಿಸುತ್ತದೆ. ತಂತಿಯನ್ನು ಅರ್ಧಕ್ಕೆ ಒತ್ತಿದಾಗ ಅಷ್ಟೇ ನಷ್ಟವು ಇಮ್ಮಡಿ ಪ್ರಮಾಣದ್ದಾಗುತ್ತದೆ.

ಈ ಎರಡು ಕಾರಣಗಳೂ ಸ್ವರವನ್ನು ಒಂದೇ ದಿಕ್ಕಿಗೆ, ಮೇಲಕ್ಕೆ, ಒಯ್ಯುತ್ತವೆ. ಪರಿಹಾರವೂ ಒಂದೇ: ಜೀನನ್ನು ಗಣಿತರೇಖೆಯಿಂದ ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡುವುದು. ಅಷ್ಟಮದ ಅಂತರವನ್ನು ೧೨೦೦ ಭಾಗ ಮಾಡಿ ಒಂದೊಂದನ್ನು ಸೆಂಟ್ ಎಂದು ಕರೆಯುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಎಲಿಸ್ ಎಂಬ ವಿದ್ವಾಂಸನು ಬಳಕೆಗೆ ತಂದನು. ಅದರಂತೆ ಲೆಕ್ಕಹಾಕಿದರೆ ೬೪೮ ಮಿಲಿಮೀಟರಿನ ತಂತಿಯಲ್ಲಿ ಜೀನು ೧ ಮಿಲಿಮೀಟರು ಹಿಂದಕ್ಕೆ ಸರಿದಾಗ, ಬಿಡಿತಂತಿಯನ್ನು ಮತ್ತೆ ಶ್ರುತಿಮಾಡಿದ ಮೇಲೆ, ಹನ್ನೆರಡನೆಯ ಮೆಟ್ಟಿಲಿನ ಸ್ವರವು ಸುಮಾರು ೨.೭ ಸೆಂಟ್ ಇಳಿಯುತ್ತದೆ. ೨ ಮಿಲಿಮೀಟರಿಗೆ ೫.೩, ೩ ಮಿಲಿಮೀಟರಿಗೆ ೮ ಸೆಂಟ್. ಹಳೆಯ ೧೮ರ ಪ್ರಮಾಣವು ಅಷ್ಟಮವನ್ನು ೧೨ ಸೆಂಟಿಗಿಂತಲೂ ತುಸು ಹೆಚ್ಚಾಗಿಯೇ ಕೆಳಗೆ ನಿಲ್ಲಿಸುತ್ತದೆ. ಲೆಕ್ಕದಲ್ಲಿ ಇದು ದೋಷವೇ ಸರಿ. ಆದರೆ ಒತ್ತಿದ ತಂತಿಯು ಏರುವ ಸ್ವಭಾವದ್ದಾದ ಕಾರಣ, ಆ ದೋಷದ ಒಂದು ಭಾಗವು ವಾದ್ಯದಲ್ಲಿ ತಾನಾಗಿ ಸರಿಹೋಗುತ್ತಿದ್ದಿತು.

ಆರು ತಂತಿಗಳಿಗೂ ಒಂದೇ ಪರಿಹಾರವು ಸಾಲದು. ಇಲ್ಲಿ ಮುಖ್ಯವಾದುದು ತಂತಿಯ ಒಟ್ಟು ದಪ್ಪವಲ್ಲ, ಅದರೊಳಗಿನ ಉಕ್ಕಿನ ಎಳೆಯ ದಪ್ಪ. ಈಗ ಸಾಮಾನ್ಯವಾಗಿ ಬಳಸುವ ತಂತಿಗಳಲ್ಲಿ ಮೊದಲಿನ ಮೂರು ಬರಿಯ ಉಕ್ಕಿನವು. ಕೆಳಸ್ಥಾಯಿಯ ಮೂರು, ತೆಳ್ಳನೆಯ ಉಕ್ಕಿನ ಎಳೆಯ ಮೇಲೆ ಬೇರೊಂದು ತಂತಿಯನ್ನು ಸುತ್ತಿದವು. ಸುತ್ತಿದ ಭಾಗವು ತೂಕವನ್ನು ಕೊಡುತ್ತದೆ, ಪೆಡಸನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಆದಕಾರಣ ಒಂದನೆಯ ತಂತಿಯಿಂದ ಮೂರನೆಯದರವರೆಗೆ ಜೀನುಗಳು ಕ್ರಮವಾಗಿ ಹಿಂದೆ ಸರಿದು, ನಾಲ್ಕನೆಯದು ಥಟ್ಟನೆ ಮುಂದೆ ಬಂದು, ಅಲ್ಲಿಂದ ಆರನೆಯದರವರೆಗೆ ಮತ್ತೆ ಹಿಂದೆ ಸರಿಯುತ್ತವೆ. ಸರಿಯಾಗಿ ಶ್ರುತಿಗೊಂಡ ವಿದ್ಯುತ್ ಗಿಟಾರಿನ ಕುದುರೆಯನ್ನು ಮೇಲಿನಿಂದ ನೋಡಿದರೆ ಜೀನುಗಳು ಒಂದೇ ಗೆರೆಯಲ್ಲಿರದೆ ಎರಡು ಓರೆಸಾಲುಗಳಾಗಿ ಕಾಣುವುದು ಈ ಕಾರಣದಿಂದ. ಅಂದಕ್ಕಾಗಿ ಅವುಗಳನ್ನು ಒಂದೇ ಸಾಲಿಗೆ ತರುವುದು ವಾದ್ಯವನ್ನು ಕೆಡಿಸಿದಂತೆ.

೪. ಜೀನುಗಳು ಬೇರೆಬೇರೆಯಾದ ಬಗೆ

ಮರದ ಪೊಳ್ಳು ಗಿಟಾರಿನಲ್ಲಿ ಕುದುರೆಯನ್ನು ತೆಳುವಾದ ಮುಖಹಲಗೆಗೆ ಅಂಟಿಸುತ್ತಾರೆ. ತಂತಿಯ ಕಂಪನವನ್ನು ಹಲಗೆಗೆ ಮುಟ್ಟಿಸುವುದು ಅದರ ಮುಖ್ಯ ಕೆಲಸ. ಆದುದರಿಂದ ಅದು ಹಗುರವಾಗಿರಬೇಕು. ಉಕ್ಕಿನ ತಂತಿಯ ಗಿಟಾರುಗಳಲ್ಲಿ ಜೀನೆಂಬುದು ಓರೆಯಾಗಿ ಕೂಡಿಸಿದ ಒಂದೇ ಮೂಳೆಯ ಪಟ್ಟಿ. ಆ ಓರೆಯೇ ಸ್ಥೂಲವಾದ ಪರಿಹಾರ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಅಯಸ್ಕಾಂತವೂ ತಾಮ್ರದ ಸುರುಳಿಯೂ ಗ್ರಹಿಸುತ್ತವೆ. ಘನವಾದ ಮರದ ಒಡಲಿನ ಮೇಲೆ ಕುದುರೆಯು ಹಗುರವಾಗಿರಬೇಕೆಂಬ ನಿರ್ಬಂಧವು ತಪ್ಪಿತು. ಅದು ಲೋಹದ್ದಾಗಿಯೂ ತಿರುಪುಗಳಿಂದ ಕೂಡಿದ್ದಾಗಿಯೂ ಇರಬಹುದಾಯಿತು.

ಈ ಅನುಕೂಲವು ಒಮ್ಮೆಗೇ ಬಳಕೆಗೆ ಬರಲಿಲ್ಲ. ಅಮೆರಿಕದಲ್ಲಿ ಜಾರ್ಜ್ ಬೀಚಮ್ ೧೯೩೧ರಲ್ಲಿ ರೂಪಿಸಿದ, ಬಾಣಲೆಯೆಂದು ಅಡ್ಡಹೆಸರನ್ನು ಪಡೆದ ವಿದ್ಯುತ್ ಗಿಟಾರು ಹವಾಯಿ ಪದ್ಧತಿಯದು. ಅದನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಸರಳನ್ನು ಜಾರಿಸಿ ನುಡಿಸುತ್ತಿದ್ದರು. ತಂತಿಯನ್ನು ಮೆಟ್ಟಿಲಿಗೆ ಒತ್ತದ ಆ ವಾದನದಲ್ಲಿ ಕಿವಿಯೇ ಸರಳನ್ನು ನಡೆಸುತ್ತಿದ್ದುದರಿಂದ ಕುದುರೆಯ ಸೂಕ್ಷ್ಮವು ತೊಂದರೆಕೊಡಲಿಲ್ಲ. ೧೯೫೦ರಲ್ಲಿ ಲಿಯೊ ಫೆಂಡರನ ಕಾರ್ಖಾನೆಯಿಂದ ಹೊರಟು ಮುಂದೆ ಟೆಲಿಕ್ಯಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ಆರು ತಂತಿಗಳಿಗೆ ಮೂರು ಜೀನುಗಳಿದ್ದವು. ಎರಡೆರಡು ತಂತಿಗಳು ಒಂದೇ ಜೀನನ್ನು ಹಂಚಿಕೊಂಡಾಗ ಒಂದಕ್ಕೆ ಸರಿಯಾದುದು ಇನ್ನೊಂದಕ್ಕೆ ತಪ್ಪುತ್ತದೆ. ನಡುವಣ ರಾಜಿಯಿಂದ ತೃಪ್ತಿಪಡಬೇಕಾಗುತ್ತದೆ. ೧೯೫೪ರ ಸ್ಟ್ರಾಟೊಕ್ಯಾಸ್ಟರಿನಲ್ಲಿ ಆರು ತಂತಿಗಳಿಗೂ ಪ್ರತ್ಯೇಕವಾದ ಜೀನುಗಳು ಬಂದವು. ಗಿಬ್ಸನ್ ಕಂಪೆನಿಯಲ್ಲಿ ಟೆಡ್ ಮೆಕಾರ್ಟಿ ರೂಪಿಸಿದ ಟ್ಯೂನ್ ಒ ಮ್ಯಾಟಿಕ್ ಎಂಬ ಕುದುರೆಯೂ ಅದೇ ವರ್ಷದ ಲೆಸ್ ಪಾಲ್ ಕಸ್ಟಮ್ ಗಿಟಾರಿನಲ್ಲಿ ಇದೇ ಸೌಕರ್ಯವನ್ನು ಒದಗಿಸಿತು.

ಜೀನು ಸರಿಯುವಂತಿದ್ದರೆ ಕುದುರೆಯನ್ನು ಎಲ್ಲಿ ನಿಲ್ಲಿಸಿದರೇನು ಎಂಬ ಆಕ್ಷೇಪವು ಇಲ್ಲಿ ಹುಟ್ಟಬಹುದು. ಜೀನು ಸರಿಯುವ ಹರವು ಕೆಲವೇ ಮಿಲಿಮೀಟರುಗಳದು. ಆ ಹರವೇ ತಪ್ಪಾದ ಸ್ಥಳದಲ್ಲಿ ಬಿದ್ದರೆ ತಿರುಪನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ. ಕುದುರೆಯ ಸ್ಥಾನನಿರ್ಣಯವೆಂದರೆ, ಎಲ್ಲ ತಂತಿಗಳ ಸರಿಯಾದ ಬಿಂದುಗಳೂ ಈ ಹರವಿನೊಳಗೆ ಬೀಳುವಂತೆ ಮಾಡುವುದು.

೫. ಸ್ಥಾಪನೆಯ ಕ್ರಮ

ಕತ್ತು ಒಡಲಿಗೆ ಕೂಡಿ ಸ್ಥಿರವಾಗುವವರೆಗೆ ಕುದುರೆಗಾಗಿ ರಂಧ್ರವನ್ನು ಕೊರೆಯಬಾರದು. ನಕ್ಷೆಯಲ್ಲಿರುವ ಕತ್ತಿಗೂ ಮರದಲ್ಲಿ ಕೂತ ಕತ್ತಿಗೂ ಒಂದೆರಡು ಮಿಲಿಮೀಟರು ವ್ಯತ್ಯಾಸ ಬರುವುದು ಸಾಮಾನ್ಯ. ಅಳತೆಯನ್ನು ಮೇರುವಿನ ಮೆಟ್ಟಿಲಕಡೆಯ ಅಂಚಿನಿಂದ ಹನ್ನೆರಡನೆಯ ಮೆಟ್ಟಿಲಿನ ನೆತ್ತಿಯ ನಡುವಿಗೆ ತೆಗೆದು ಇಮ್ಮಡಿಸತಕ್ಕದ್ದು. ಇಮ್ಮಡಿಸಿದಾಗ ಅಳತೆಯ ತಪ್ಪೂ ಇಮ್ಮಡಿಯಾಗುವುದರಿಂದ, ಮೇರುವಿನಿಂದ ಗಣಿತರೇಖೆಗೆ ಒಂದೇ ಉದ್ದವಾದ ಅಳತೆಗೋಲಿನಿಂದ ಮತ್ತೊಮ್ಮೆ ನೋಡಿ ತಾಳೆಹಾಕಬೇಕು.

ಮುಂದೆ ಅಡ್ಡಸ್ಥಾನ. ಕತ್ತಿನ ಮಧ್ಯರೇಖೆಯನ್ನು ಒಡಲಿನ ಮೇಲೆ ಮುಂದುವರಿಸಬೇಕೇ ಹೊರತು ಒಡಲಿನ ಅಂಚುಗಳ ನಡುವನ್ನು ನಂಬಬಾರದು. ಮೇರುವಿನ ಮೊದಲನೆಯ ಮತ್ತು ಆರನೆಯ ಗೀರುಗಳಿಂದ ಕುದುರೆಯ ಆಯಾ ಜೀನುಗಳಿಗೆ ಎರಡು ದಾರಗಳನ್ನು ಎಳೆದು ಕಟ್ಟಿದರೆ ಅವು ಕತ್ತಿನ ಎರಡು ಅಂಚುಗಳಿಂದಲೂ ಸಮದೂರದಲ್ಲಿ ಸಾಗಬೇಕು. ಒಂದು ದಾರವು ಅಂಚಿಗೆ ಹತ್ತಿರವಾದರೆ ನುಡಿಸುವಾಗ ಆ ತಂತಿಯು ಕತ್ತಿನಿಂದ ಜಾರಿಬೀಳುತ್ತದೆ. ಅಯಸ್ಕಾಂತದ ಧ್ರುವಗಳ ಮೇಲಿಂದಲೂ ತಂತಿಗಳು ತಪ್ಪಿಹೋಗುತ್ತವೆ.

ಮೂರನೆಯದು ಎತ್ತರ. ಮೆಟ್ಟಿಲುಗಳ ಮೇಲೆ ನೇರವಾದ ಉದ್ದನೆಯ ಪಟ್ಟಿಯನ್ನಿಟ್ಟು ಅದು ಕುದುರೆಯ ಸ್ಥಳದಲ್ಲಿ ಒಡಲಿನಿಂದ ಎಷ್ಟು ಮೇಲಿದೆಯೆಂದು ನೋಡಬೇಕು. ಜೀನುಗಳು ಆ ಮಟ್ಟಕ್ಕಿಂತ ಕೆಳಕ್ಕೂ ಮೇಲಕ್ಕೂ ಹೋಗುವಂತಿರಬೇಕು. ಫೆಂಡರ್ ಮಾದರಿಯ ಗಿಡ್ಡ ಕುದುರೆಗೆ ಒಡಲಿಗೆ ಸಮಾನಾಂತರವಾದ ಕತ್ತೂ, ಗಿಬ್ಸನ್ ಮಾದರಿಯ ಎತ್ತರದ ಕುದುರೆಗೆ ಕೆಲವು ಅಂಶಗಳಷ್ಟು ಹಿಂದಕ್ಕೆ ವಾಲಿದ ಕತ್ತೂ ಹೊಂದುತ್ತವೆ. ಒಂದರ ಕುದುರೆಯನ್ನು ಇನ್ನೊಂದರ ಕತ್ತಿಗೆ ಹೊಂದಿಸಹೊರಟರೆ ಎತ್ತರವು ಕೂಡಿಬರುವುದಿಲ್ಲ.

ಈ ಮೂರೂ ಗೊತ್ತಾದ ಮೇಲೆ ಉದ್ದದ ಸ್ಥಾನವನ್ನು ನಿಶ್ಚಯಿಸಬೇಕು. ಅಳತೆಯು ಮುಟ್ಟಬೇಕಾದುದು ತಂತಿಯು ಜೀನನ್ನು ಬಿಡುವ ಬಿಂದುವನ್ನು. ಕುದುರೆಯ ತಗಡಿನ ಅಂಚನ್ನಾಗಲಿ ತಿರುಪಿನ ರಂಧ್ರವನ್ನಾಗಲಿ ಅಲ್ಲ. ಈ ಭೇದವನ್ನು ಮರೆತು ಕುದುರೆಯು ೬ ಮಿಲಿಮೀಟರು ಮುಂದೆ ನಿಂತಿತೆಂದು ಭಾವಿಸಿದರೆ, ಹನ್ನೆರಡನೆಯ ಮೆಟ್ಟಿಲಿನ ಸ್ವರವು ಉದ್ದದ ಲೆಕ್ಕದಿಂದಲೇ ೧೬ ಸೆಂಟ್ ಏರುತ್ತದೆ. ಒತ್ತಡದ ಏರಿಕೆಯು ಅದರ ಮೇಲೆ ಕೂಡುತ್ತದೆ. ಜೀನುಗಳು ಬೇರೆಬೇರೆಯಾಗಿರುವ ಕುದುರೆಯಲ್ಲಿ ಮೊದಲನೆಯ ತಂತಿಯ ಜೀನನ್ನು ಅದರ ಹರವಿನ ಮುಂತುದಿಯ ಬಳಿಗೆ ತಂದು, ಆ ಸ್ಥಿತಿಯಲ್ಲಿ ಅದು ಗಣಿತರೇಖೆಯ ಮೇಲೆ ನಿಲ್ಲುವಂತೆ ಕುದುರೆಯನ್ನಿಡುವುದು ಸುರಕ್ಷಿತವಾದ ಕ್ರಮ. ಯಾವ ತಂತಿಯೂ ಗಣಿತರೇಖೆಗಿಂತ ಮುಂದೆ ಬರಲು ಬಯಸುವುದು ವಿರಳ. ಎಲ್ಲವೂ ಹಿಂದಕ್ಕೆ ಹೋಗಲು ಬಯಸುತ್ತವೆ. ಸಾಮಾನ್ಯವಾಗಿ ಮೊದಲನೆಯ ತಂತಿಗೆ ಒಂದೆರಡು ಮಿಲಿಮೀಟರು, ಆರನೆಯದಕ್ಕೆ ನಾಲ್ಕೈದು ಮಿಲಿಮೀಟರು ಹಿಂಜರಿತವು ಬೇಕಾಗುತ್ತದೆ. ಹರವು ಸಂಕುಚಿತವಾಗಿರುವ ಎರಡು ಕಂಬಗಳ ಕುದುರೆಯನ್ನಾದರೆ ಕೆಳಸ್ಥಾಯಿಯ ಕಡೆ ತುಸು ಹಿಂದಕ್ಕೆ ವಾಲಿಸಿ ಓರೆಯಾಗಿಯೇ ನಿಲ್ಲಿಸುತ್ತಾರೆ.

ಕೊರೆಯುವುದಕ್ಕೆ ಮುಂಚೆ ಕುದುರೆಯನ್ನು ಹಿಡಿಕೆಯಿಂದ ತಾತ್ಕಾಲಿಕವಾಗಿ ಬಿಗಿದು, ಹೊರಗಿನ ಎರಡು ತಂತಿಗಳ ಗೆರೆಗಳನ್ನೂ ದೂರಗಳನ್ನೂ ಮತ್ತೆ ನೋಡುವುದು ವಿವೇಕ. ಇಷ್ಟಾದರೂ ತಪ್ಪು ನಡೆದುಹೋದರೆ ಹಳೆಯ ರಂಧ್ರಗಳಿಗೆ ಗಟ್ಟಿಮರದ ಬೆಣೆಗಳನ್ನು ಅಂಟಿನೊಡನೆ ಬಡಿದು, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಮೆರುಗಿನ ಮೇಲೆ ಕಲೆಯು ಉಳಿದರೂ ಸ್ವರವು ಉಳಿಯುತ್ತದೆ.

೬. ಪರೀಕ್ಷೆಯೂ ಮಿತಿಯೂ

ಕೊನೆಯ ಪರೀಕ್ಷೆಯು ಕಿವಿಯದು. ಹೊಸ ತಂತಿಗಳನ್ನು ಕಟ್ಟಿ, ನುಡಿಸುವ ಎತ್ತರಕ್ಕೆ ಅವುಗಳನ್ನು ನಿಲ್ಲಿಸಿ, ಶ್ರುತಿಮಾಡಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತದೆ ಬೆರಳಿನಿಂದ ಸೋಕಿಸಿ ಮೀಟಿದಾಗ ಹುಟ್ಟುವ ಸ್ವರವು ತಂತಿಯ ಸ್ವಯಂಭೂ ಸ್ವರ. ಅದು ಮೆಟ್ಟಿಲನ್ನು ಅವಲಂಬಿಸಿಲ್ಲ. ಅಲ್ಲಿಯೇ ಒತ್ತಿ ಮೀಟಿದ ಸ್ವರವನ್ನು ಅದರೊಡನೆ ಹೋಲಿಸಬೇಕು. ಒತ್ತಿದ ಸ್ವರವು ಮೇಲಿದ್ದರೆ ಜೀನು ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಪ್ರತಿಯೊಂದು ಸಲವೂ ಬಿಡಿತಂತಿಯನ್ನು ಮತ್ತೆ ಶ್ರುತಿಮಾಡಿಯೇ ನೋಡಬೇಕು. ತಂತಿಯ ದಪ್ಪವನ್ನಾಗಲಿ ಎತ್ತರವನ್ನಾಗಲಿ ಬದಲಾಯಿಸಿದರೆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ಎಲ್ಲ ಅಪಸ್ವರಕ್ಕೂ ಕುದುರೆಯನ್ನೇ ಹೊಣೆಮಾಡುವುದು ಸಲ್ಲದು. ಮೇರುವು ಎತ್ತರವಾಗಿದ್ದರೆ ಮೊದಲ ಒಂದೆರಡು ಮೆಟ್ಟಿಲುಗಳ ಸ್ವರವು ಏರುತ್ತದೆ; ಅದನ್ನು ಮೇರುವಿನಲ್ಲಿಯೇ ತಿದ್ದಬೇಕು. ಅಯಸ್ಕಾಂತವು ತಂತಿಗೆ ತೀರ ಹತ್ತಿರವಾದರೆ ಅದರ ಸೆಳೆತದಿಂದ ಕಂಪನವು ಕೆಡುತ್ತದೆ. ಸಮಭಾಗದ ಮೆಟ್ಟಿಲುಗಳಲ್ಲಿ ಅಂತರಗಾಂಧಾರವು ೪೦೦ ಸೆಂಟಿನದು. ಸಹಜವಾದ ಗಾಂಧಾರವು ೩೮೬ರ ಸಮೀಪದಲ್ಲಿದೆ. ಈ ೧೪ ಸೆಂಟಿನ ಅಂತರವು ಪದ್ಧತಿಯಿಂದ ಬಂದುದು. ಕುದುರೆಯನ್ನು ಎಲ್ಲಿಗೆ ಸರಿಸಿದರೂ ಅದು ಹೋಗದು.

ವೀಣೆಯ ಮೇಳ ಕಟ್ಟುವವನು ತಂತಿಯನ್ನು ಒತ್ತಿಯೇ ಸ್ವರವನ್ನು ಕೇಳುತ್ತಾನೆ. ಆದುದರಿಂದ ಒತ್ತಡದ ಏರಿಕೆಯೂ ತಂತಿಯ ಪೆಡಸುತನವೂ ಅವನಿಗೆ ಅರಿವಾಗದಂತೆಯೇ ಮೆಟ್ಟಿಲುಗಳ ಸ್ಥಾನದಲ್ಲಿ ಸೇರಿಹೋಗುತ್ತವೆ. ಗಿಟಾರನ್ನು ಕಟ್ಟುವವನು ಮೆಟ್ಟಿಲುಗಳನ್ನು ಗಣಿತಕ್ಕೆ ಒಪ್ಪಿಸಿಬಿಟ್ಟಿರುವ ಕಾರಣ ಅದೇ ತಿದ್ದುಪಡಿಯನ್ನು ಕುದುರೆಯ ಕಡೆಯಿಂದ ಮಾಡಬೇಕಾಗುತ್ತದೆ. ಎರಡು ವಾದ್ಯಗಳಲ್ಲಿಯೂ ಸಲ್ಲಿಸಬೇಕಾದ ಋಣವು ಒಂದೇ. ಸಲ್ಲಿಸುವ ತುದಿ ಬೇರೆ. ಗಣಿತರೇಖೆಯಿಲ್ಲದೆ ಕುದುರೆಗೆ ನೆಲೆಯಿಲ್ಲ. ಆ ರೇಖೆಯಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಹೇಳುವುದು ಮಾತ್ರ ತಂತಿ, ಕೇಳುವುದು ಕಿವಿ.